ಗೆದ್ದೆತ್ತಿನ ಬಾಲ ಹಿಡಿಯದ ಓದು: ಕತೆಯೊಳಗಿನ ಬ್ರಿಜ್ ಆಟ

1929ರ ಸೆಪ್ಟೆಂಬರ್ 29, ಭಾನುವಾರ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಬೆನೆಟ್ ದಂಪತಿ ನೆರೆಮನೆಯ ದಂಪತಿಯೊಡನೆ ಬ್ರಿಜ್ ಆಡಲು ಕುಳಿತರು. ಒಂದು ಆಟದಲ್ಲಿ ಗಂಡ ಜಾನ್ ‘ಒಂದು ಇಸ್ಪೀಟು’ ಎಂದು ಕೂಗಿದ. ಹೆಂಡತಿ ಮರ್ಟಲ್ ಅದನ್ನು ‘ನಾಲ್ಕು ಇಸ್ಪೀಟು’ವರೆಗೆ ಏರಿಸಿದಳು. ಜಾನ್ ಆಡಿದ, ಸೋತ. ಮಾತಿಗೆ ಮಾತು ಬೆಳೆಯಿತು. ಅವನು ಅವಳ ಕೆನ್ನೆಗೆ ಹೊಡೆದ. ಅವಳು ಒಳಗಿನಿಂದ ಪಿಸ್ತೂಲು ತಂದಳು. ಜಾನ್ ಸತ್ತ. 1931ರಲ್ಲಿ ನ್ಯಾಯಾಲಯ ಮರ್ಟಲ್‌ಳನ್ನು ಬಿಡುಗಡೆ ಮಾಡಿತು.

ಆಮೇಲೆ ನಡೆದದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ಸಂಗತಿ. ಆ ಆಟದ್ದೆಂದು ಹೇಳಲಾದ ಎಲೆಗಳು ಅಚ್ಚಾದವು. ಎಲಿ ಕಲ್ಬರ್ಟ್‌ಸನ್‌ನಂಥ ದೊಡ್ಡ ಆಟಗಾರರು ಕುಳಿತು ಅವನ್ನು ವಿಶ್ಲೇಷಿಸಿದರು. ಅವು ನಿಜಕ್ಕೂ ಅಂದಿನ ಎಲೆಗಳೇ ಅಥವಾ ಆಮೇಲೆ ಯಾರೋ ಹೊಂದಿಸಿದ್ದೇ ಎಂಬ ಅನುಮಾನ ಇವತ್ತಿಗೂ ಇದೆ. ಆದರೂ ಜನ ಕೇಳಿದ್ದು ಒಂದೇ ಪ್ರಶ್ನೆ: ‘ಆ ಆಟ ಗೆಲ್ಲಬಹುದಿತ್ತೇ?’

ಈ ಪ್ರಶ್ನೆಯೇ ತಪ್ಪು ಅನ್ನಿಸಿದ್ದರಿಂದ ಈ ಬರಹ. ಬ್ರಿಜ್ ಕುರಿತ ಕತೆ, ಕಾದಂಬರಿ, ವಿನೋದ ಬರಹಗಳನ್ನು ಓದುತ್ತ ಹೋದಂತೆ ಅವುಗಳಲ್ಲಿ ಎರಡು ಬಗೆ ಇರುವುದು ಕಾಣುತ್ತದೆ. ಒಂದು, ಯಾರು ಗೆದ್ದರು ಎಂದು ಹೇಳುವ ಬಗೆ. ಇನ್ನೊಂದು, ಆ ಗಳಿಗೆಯಲ್ಲಿ ಅವರಿಗೆ ಏನು ಗೊತ್ತಿತ್ತು, ಗೊತ್ತಿದ್ದರಿಂದ ಏನು ನಿರ್ಧರಿಸಿದರು ಎಂದು ಕೇಳುವ ಬಗೆ. ಮೊದಲನೆಯದು ಗೆದ್ದೆತ್ತಿನ ಬಾಲ ಹಿಡಿಯುತ್ತದೆ. ಎರಡನೆಯದು ಮನುಷ್ಯರನ್ನು ನೋಡುತ್ತದೆ.

*

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು, ತಲಾ ಹದಿಮೂರು ಎಲೆ. ಆಟಕ್ಕೆ ಮೊದಲು ಹರಾಜು. ಎಷ್ಟು ಟ್ರಿಕ್ ಗೆಲ್ಲುತ್ತೇವೆ, ಯಾವ ಬಣ್ಣ ತುರುಪು ಎಂದು ಸರದಿಯಂತೆ ಸವಾಲು ಕೂಗಬೇಕು. ಇಪ್ಪತ್ತೆಂಟು ಆಡಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಅಲ್ಲೂ ಜೊತೆಗಾರ, ಅಲ್ಲೂ ಕೂಗು, ಅಲ್ಲೂ ಅತಿಯಾಸೆಗೆ ದಂಡ. ಬ್ರಿಜ್‌ನಲ್ಲಿ ‘ನಾಲ್ಕು ಇಸ್ಪೀಟು’ ಎಂದರೆ ಇಸ್ಪೀಟನ್ನು ತುರುಪು ಮಾಡಿ ಹದಿಮೂರರಲ್ಲಿ ಹತ್ತು ಟ್ರಿಕ್ ಗೆಲ್ಲುವ ಮಾತು ಕೊಟ್ಟಂತೆ. ಕೊನೆಯ ಕೂಗಿನ ಪಕ್ಷದಲ್ಲಿ ಒಬ್ಬರು ಆಡುತ್ತಾರೆ. ಅವರ ಜೊತೆಗಾರರು ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಸುಮ್ಮನಾಗುತ್ತಾರೆ. ಅವರಿಗೆ ಡಮ್ಮಿ ಎಂದು ಹೆಸರು. 1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಒಂದು ಹಡಗು ಪ್ರಯಾಣದಲ್ಲಿ ಅಂಕಗಳ ಹೊಸ ಲೆಕ್ಕವನ್ನು ಆಡಿ ನೋಡಿದ. ಕೂಗಿದಷ್ಟನ್ನೇ ಸಾಧಿಸಬೇಕೆಂಬ ಕಟ್ಟುನಿಟ್ಟಿನ ಕಾಂಟ್ರಾಕ್ಟ್ ಬ್ರಿಜ್ ಹೀಗೆ ಇಂದಿನ ರೂಪಕ್ಕೆ ಬಂತು. ಬೆನೆಟ್ ದಂಪತಿ ಆಡಲು ಕುಳಿತಾಗ ಅದಕ್ಕಿನ್ನೂ ನಾಲ್ಕು ವರ್ಷದ ಪ್ರಾಯ.

ಇಲ್ಲಿ ಮುಖ್ಯವಾದದ್ದು ಭಾಷೆ. ಹರಾಜಿನಲ್ಲಿ ಬಳಸಬಹುದಾದ ಪದಗಳು ಒಟ್ಟು ಹದಿನೈದು: ಒಂದರಿಂದ ಏಳರವರೆಗಿನ ಅಂಕಿಗಳು, ನಾಲ್ಕು ಬಣ್ಣಗಳ ಹೆಸರು, ತುರುಪಿಲ್ಲದ ಆಟಕ್ಕೆ ‘ನೋ ಟ್ರಂಪ್’, ಜೊತೆಗೆ ಪಾಸ್, ಡಬಲ್, ರಿಡಬಲ್. ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಗಳ ಜೋಡಣೆಗಳೋ 63,501 ಕೋಟಿಗೂ ಹೆಚ್ಚು. ಅಷ್ಟೊಂದು ಸಾಧ್ಯತೆಗಳನ್ನು ಹದಿನೈದು ಪದಗಳಲ್ಲಿ ಜೊತೆಗಾರನಿಗೆ ತಿಳಿಸಬೇಕು. ಹುಬ್ಬು ಏರಿಸುವಂತಿಲ್ಲ, ದನಿ ಬದಲಿಸುವಂತಿಲ್ಲ, ಬೇಕೆಂದೇ ತಡೆದು ಕೂಗಿ ಸೂಚನೆ ಕೊಡುವಂತಿಲ್ಲ. ಕಾವ್ಯ ಓದುವವರಿಗೆ ಇಂಥ ಕಟ್ಟುಪಾಡು ಹೊಸದೇನಲ್ಲ.

ಇನ್ನು ನಿರ್ಧಾರ. ನೀವೇ ಆಡುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮಲ್ಲೂ ಡಮ್ಮಿಯಲ್ಲೂ ಸೇರಿ ಒಂದು ಬಣ್ಣದ ಎಂಟು ಎಲೆಗಳಿವೆ, ಉಳಿದ ಐದು ಎದುರಾಳಿಗಳಲ್ಲಿ. ಅವು ಮೂರು–ಎರಡಾಗಿ ಹಂಚಿದ್ದರೆ ನೀವು ಗೆದ್ದಿರಿ. ಹಾಗಿರುವ ಸಾಧ್ಯತೆ ಶೇ. 68. ನಾಲ್ಕು–ಒಂದಾಗಿರುವ ಸಾಧ್ಯತೆ ಶೇ. 28, ಐದೂ ಒಬ್ಬರಲ್ಲೇ ಇರುವುದು ಶೇ. 4. ಇನ್ನೊಂದು ದಾರಿಯೂ ಇದೆ: ಬೇರೊಂದು ಬಣ್ಣದ ರಾಜ ಎಡಗಡೆಯವರ ಕೈಯಲ್ಲಿದ್ದರೆ ಗೆಲುವು. ಮತ್ತೇನೂ ಸುಳಿವಿಲ್ಲದಿದ್ದರೆ ಅದು ಅರ್ಧಕ್ಕರ್ಧ. ಬಲ್ಲವರು ಮೊದಲ ದಾರಿ ಹಿಡಿಯುತ್ತಾರೆ. ಆದರೆ ಮೂರು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಅವರು ಸೋಲುತ್ತಾರೆ. ಆ ದಿನ ಪಕ್ಕದ ಮೇಜಿನಲ್ಲಿ ಎರಡನೇ ದಾರಿ ಹಿಡಿದವನು ಗೆದ್ದು ಮೀಸೆ ತಿರುವುತ್ತಾನೆ. ನೋಡುವವರಿಗೆ ಅವನೇ ಜಾಣ. ಆಟ ಬಲ್ಲವರಿಗೆ ಅವನು ಅದೃಷ್ಟವಂತ, ಅಷ್ಟೆ. ಈ ವ್ಯತ್ಯಾಸವನ್ನು ಹಿಡಿಯಬಲ್ಲ ಕತೆಗಾರರು ಕಡಿಮೆ.

*

ಬ್ರಿಜ್ ಇರುವ ಕಾದಂಬರಿಗಳಲ್ಲಿ ಹೆಚ್ಚು ಹೆಸರಾದದ್ದು ಇಯಾನ್ ಫ್ಲೆಮಿಂಗ್‌ನ ‘ಮೂನ್‌ರೇಕರ್’ (1955). ಶ್ರೀಮಂತ ಹ್ಯೂಗೋ ಡ್ರಾಕ್ಸ್ ಲಂಡನ್ನಿನ ಕ್ಲಬ್ಬಿನಲ್ಲಿ ಮೋಸದಾಟ ಆಡುತ್ತಾನೆ. ಎಲೆ ಹಂಚುವಾಗ ತನ್ನ ಬೆಳ್ಳಿಯ ಸಿಗರೇಟು ಡಬ್ಬಿಯಲ್ಲಿ ಕಾಣುವ ಪ್ರತಿಬಿಂಬದಿಂದ ಯಾರಿಗೆ ಏನು ಹೋಯಿತೆಂದು ತಿಳಿದುಕೊಳ್ಳುತ್ತಾನೆ. ಅವನಿಗೆ ಪಾಠ ಕಲಿಸಲು ಜೇಮ್ಸ್ ಬಾಂಡ್ ಮೊದಲೇ ಜೋಡಿಸಿಟ್ಟ ಎಲೆಗಳನ್ನು ಆಟಕ್ಕೆ ಸೇರಿಸುತ್ತಾನೆ.

ಡ್ರಾಕ್ಸ್‌ನ ಕೈಗೆ ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ ಬರುತ್ತವೆ. ಆಟೀನಿನಲ್ಲೂ ಅವೇ ನಾಲ್ಕು. ಡೈಮಂಡಿನ ಎಕ್ಕ ಮತ್ತು ರಾಜ, ಕಳಾವರದ ರಾಜ, ಗುಲಾಮ, ಒಂಬತ್ತು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸುವ ರೂಢಿಯಲ್ಲಿ ಇಡೀ ಕಟ್ಟಿನಲ್ಲಿರುವುದು 40 ಪಾಯಿಂಟು. ಅದರಲ್ಲಿ 31 ಅವನ ಕೈಯಲ್ಲಿ. ಬಾಂಡ್‌ನಲ್ಲಿ ಎಂಟೇ: ರಾಣಿಯಿಂದ ಕೆಳಗೆ ಎಂಟು ಡೈಮಂಡು, ಎಕ್ಕ ರಾಣಿ ಸೇರಿ ಐದು ಕಳಾವರ. ಬಾಂಡ್ ‘ಏಳು ಕಳಾವರ’ ಕೂಗುತ್ತಾನೆ, ಎಂದರೆ ಹದಿಮೂರೂ ಟ್ರಿಕ್. ಡ್ರಾಕ್ಸ್ ಡಬಲ್ ಮಾಡುತ್ತಾನೆ, ಬಾಂಡ್ ರಿಡಬಲ್ ಮಾಡುತ್ತಾನೆ. ಬಾಂಡ್‌ನ ಜೊತೆಗಾರ ಎಂ. ಅವನ ಕೈಯಲ್ಲಿ ಒಂದೂ ಡೈಮಂಡು ಇಲ್ಲ. ಡ್ರಾಕ್ಸ್‌ನ ಡೈಮಂಡಿನ ಎಕ್ಕ, ರಾಜ ಎರಡೂ ಚಿಕ್ಕ ತುರುಪಿಗೆ ಬಲಿಯಾಗುತ್ತವೆ. ಅವನ ಕಳಾವರದ ರಾಜ ಬಾಂಡ್‌ನ ಎಕ್ಕ–ರಾಣಿಗಳ ಬಾಯಿಗೆ ನೇರವಾಗಿ ಬೀಳುತ್ತದೆ. 31 ಪಾಯಿಂಟಿನವನಿಗೆ ಒಂದು ಟ್ರಿಕ್ಕೂ ಸಿಗುವುದಿಲ್ಲ. ಇದು ಫ್ಲೆಮಿಂಗ್‌ನ ಸ್ವಂತ ಸೃಷ್ಟಿಯಲ್ಲ. ಬ್ರಿಜ್‌ಗೂ ಮುಂಚಿನ ವಿಸ್ಟ್ ಆಟದ ಕಾಲದಿಂದ ಕಂಬರ್ಲೆಂಡ್ ಡ್ಯೂಕನ ಹೆಸರಿನಲ್ಲಿ ಪ್ರಸಿದ್ಧವಾದ ಕೈಯನ್ನೇ ಅವನು ಬಳಸಿಕೊಂಡಿದ್ದಾನೆ.

ಮೊದಲ ಸಲ ಇದನ್ನು ಓದಿದಾಗ ನನಗೆ ಬ್ರಿಜ್ ಗೊತ್ತಿರಲಿಲ್ಲ. ಆದರೂ ಉಸಿರು ಬಿಗಿಹಿಡಿದು ಓದಿದೆ. ಆಟ ಕಲಿತ ಮೇಲೆ ಮತ್ತೆ ಓದಿದಾಗ ಒಂದು ವಿಚಿತ್ರ ಕಂಡಿತು. ಆ ಕೊನೆಯ ಆಟದಲ್ಲಿ ಬಾಂಡ್ ಒಂದೂ ನಿರ್ಧಾರ ಮಾಡುವುದಿಲ್ಲ. ಯಾವ ಎಲೆ ಎಲ್ಲಿದೆ ಎಂಬುದು ಅವನಿಗೆ ಗೊತ್ತು. ಗೊತ್ತಿಲ್ಲದ್ದನ್ನು ಎದುರಿಸಿ ನಿರ್ಧರಿಸಿದವನು ಡ್ರಾಕ್ಸ್ ಒಬ್ಬನೇ. ಅವನ ಡಬಲ್ ಸರಿಯಾದದ್ದು. 31 ಪಾಯಿಂಟು, ತುರುಪಿನಲ್ಲಿ ರಾಜ ಗುಲಾಮ ಹಿಡಿದವರು ಯಾರೇ ಆದರೂ ಅದನ್ನೇ ಕೂಗುತ್ತಾರೆ. ಸರಿಯಾಗಿ ಕೂಗಿದವನು ಸೋಲುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ.

ಡ್ರಾಕ್ಸ್ ಮೋಸಗಾರ, ಅವನಿಗೆ ಹಾಗೇ ಆಗಬೇಕು ಎನ್ನಬಹುದು. ಒಪ್ಪಿದೆ. ಆದರೆ ಕನ್ನಡದ ಓದುಗರಿಗೆ ಹಾಸಂಗಿ ಯಾರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಿಕೊಡಬೇಕಿಲ್ಲ. ಈ ಮೇಜಿನಲ್ಲಿ ಶಕುನಿಯ ಜಾಗದಲ್ಲಿ ಕುಳಿತವನು ನಮ್ಮ ನಾಯಕ. ಮಹಾಭಾರತ ದ್ಯೂತವನ್ನು ಗೆದ್ದವನ ಕಡೆಯಿಂದ ಹೇಳುವುದಿಲ್ಲ. ಫ್ಲೆಮಿಂಗ್ ಹೇಳುತ್ತಾನೆ. ಆ ಅಧ್ಯಾಯಗಳ ರೋಮಾಂಚನ ನಿಜ, ಕ್ಲಬ್ಬಿನ ಊಟ, ಬೆಳಕು, ಬೆವರು ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಅಲ್ಲಿರುವುದು ಜಾದೂ ಪ್ರದರ್ಶನ, ಬ್ರಿಜ್ ಅಲ್ಲ.

*

ಅಗಾಥಾ ಕ್ರಿಸ್ಟಿಯ ‘ಕಾರ್ಡ್ಸ್ ಆನ್ ದಿ ಟೇಬಲ್’ (1936) ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಶೈತಾನಾ ಎಂಬ ಸಿರಿವಂತ ಎಂಟು ಮಂದಿಯನ್ನು ಊಟಕ್ಕೆ ಕರೆಯುತ್ತಾನೆ. ನಾಲ್ವರು ಅಪರಾಧ ಪತ್ತೆಯಲ್ಲಿ ಪಳಗಿದವರು. ಇನ್ನು ನಾಲ್ವರು ಹಿಂದೆ ಕೊಲೆ ಮಾಡಿ ದಕ್ಕಿಸಿಕೊಂಡವರು ಎಂಬುದು ಅವನ ಗುಮಾನಿ. ಊಟದ ನಂತರ ಎರಡು ಕೋಣೆಗಳಲ್ಲಿ ಬ್ರಿಜ್. ಆ ಎರಡನೇ ಗುಂಪು ಆಡುತ್ತಿದ್ದ ಕೋಣೆಯಲ್ಲೇ ಬೆಂಕಿಗೂಡಿನ ಬಳಿ ಕುಳಿತಿದ್ದ ಶೈತಾನಾ ಕೊಲೆಯಾಗುತ್ತಾನೆ. ನಾಲ್ವರೂ ಆಗಾಗ ಡಮ್ಮಿಯಾಗಿದ್ದವರು, ಎದ್ದು ಓಡಾಡಿದವರು. ಯಾರು ಬೇಕಾದರೂ ಕೊಂದಿರಬಹುದು.

ಬೆರಳಚ್ಚಿಲ್ಲ, ಸಾಕ್ಷಿಯಿಲ್ಲ. ಪೊವಾರೊ ಕೈಗೆತ್ತಿಕೊಳ್ಳುವುದು ಆಟದ ಅಂಕಪಟ್ಟಿಗಳನ್ನು. ಯಾರು ಮೇಲೆ ಬಿದ್ದು ಕೂಗುತ್ತಾರೆ, ಯಾರು ಅಳೆದು ತೂಗಿ ಕೂಗುತ್ತಾರೆ, ಯಾರು ಹೆದರುತ್ತಾರೆ? ಒಬ್ಬೊಬ್ಬರನ್ನೂ ಕರೆದು ಕೋಣೆಯಲ್ಲಿ ಏನೇನಿತ್ತು, ಆಟದಲ್ಲಿ ಏನೇನು ನೆನಪಿದೆ ಎಂದು ಕೇಳುತ್ತಾನೆ. ಲಾರಿಮರ್ ಎಂಬ ಹಿರಿಯ ಹೆಂಗಸಿಗೆ ಕೂಗುಗಳೆಲ್ಲ ಕ್ರಮವಾಗಿ ನೆನಪಿವೆ, ಕೋಣೆ ನೆನಪಿಲ್ಲ. ಕಾಡುಮೇಡು ಅಲೆದ ಮೇಜರ್ ಡೆಸ್ಪಾರ್ಡ್‌ಗೆ ಕೋಣೆಯ ವಸ್ತುಗಳು ನೆನಪಿವೆ. ಕೊಲೆಗಾರ ಯಾರೆಂದು ಇಲ್ಲಿ ಹೇಳಿ ಓದುವ ಸುಖ ಕೆಡಿಸುವುದಿಲ್ಲ. ಹದಿಮೂರೂ ಟ್ರಿಕ್ಕಿನ ಒಂದು ಕಾಂಟ್ರಾಕ್ಟ್, ಅದಕ್ಕೊಂದು ಡಬಲ್, ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ಮೇಜಿನ ಮೇಲೆ ನೆಟ್ಟಿರುವುದು, ಇಷ್ಟು ಗಮನದಲ್ಲಿಟ್ಟರೆ ಸಾಕು.

ಕ್ರಿಸ್ಟಿಯ ಹೆಚ್ಚುಗಾರಿಕೆ ಇಲ್ಲಿದೆ: ಯಾರು ಎಷ್ಟು ಗೆದ್ದರು ಎಂಬುದು ಪೊವಾರೊಗೆ ಬೇಕಿಲ್ಲ. ಹೇಗೆ ನಿರ್ಧರಿಸಿದರು ಎಂಬುದು ಬೇಕು. ಅಂಕಪಟ್ಟಿಯನ್ನು ಅವನು ವಿಮರ್ಶಕನ ಹಾಗೆ ಓದುತ್ತಾನೆ, ಫಲದಿಂದ ಹಿಂದಕ್ಕೆ ನಡೆದು ಮನಸ್ಸಿಗೆ ತಲುಪುತ್ತಾನೆ.

ಕೊರತೆಯೂ ಇಲ್ಲೇ ಇದೆ. ಕ್ರಿಸ್ಟಿಯ ಆಟಗಾರರಿಗೆ ತಲಾ ಒಂದು ಸ್ವಭಾವ. ಧೈರ್ಯವಂತ ಯಾವಾಗಲೂ ಧೈರ್ಯವಂತ, ಅಂಜುಬುರುಕಿ ಯಾವಾಗಲೂ ಅಂಜುಬುರುಕಿ. ಕೂಗು ಎಂಬುದು ಸ್ವಭಾವದ ಮೊಹರಾಗಿಬಿಡುತ್ತದೆ. ನಿಜವಾದ ಮೇಜಿನಲ್ಲಿ ಒಂದು ಕೂಗು ಒಬ್ಬರದೇ ಆಗಿರುವುದಿಲ್ಲ. ಅದು ಎದುರು ಕುಳಿತವರಿಗೆ ಆಡಿದ ಮಾತು, ಅವರ ಹಿಂದಿನ ಮಾತಿಗೆ ಕೊಟ್ಟ ಉತ್ತರ.

*

ಇದನ್ನು ಚೆನ್ನಾಗಿ ಬಲ್ಲವನು ಎಸ್. ಜೆ. ಸೈಮನ್. ಅವನ ‘ವೈ ಯು ಲೂಸ್ ಅಟ್ ಬ್ರಿಜ್’ (1945) ಹೆಸರಿಗೆ ಆಟದ ಕೈಪಿಡಿ, ಓದುವಾಗ ನಗೆಬರಹ. ಸೈಮನ್ ಬ್ರಿಟಿಷ್ ಬ್ರಿಜ್‌ನ ಏಕೋಲ್ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬ. ಕ್ಯಾರಿಲ್ ಬ್ರಾಮ್ಸ್ ಜೊತೆ ಸೇರಿ ಶೇಕ್ಸ್‌ಪಿಯರನ ಕಾಲದ ಮೇಲೆ ‘ನೋ ಬೆಡ್ ಫಾರ್ ಬೇಕನ್’ ಎಂಬ ವಿನೋದ ಕಾದಂಬರಿಯನ್ನೂ ಬರೆದವನು.

ಅವನ ಮೇಜಿನಲ್ಲಿ ನಾಲ್ವರಿದ್ದಾರೆ: ಆಟ ತಿಳಿಯದಿದ್ದರೂ ಹುರುಪಿನಿಂದ ಕೂರುವ ಮಿಸೆಸ್ ಗುಗನ್‌ಹೈಮ್, ಓದಿದ್ದನ್ನೆಲ್ಲ ತಪ್ಪು ಜಾಗದಲ್ಲಿ ಬಳಸುವ ಫ್ಯೂಟೈಲ್ ವಿಲ್ಲಿ, ತನ್ನ ಬಗ್ಗೆ ತನಗೇ ಬಲು ಮೆಚ್ಚುಗೆಯಿರುವ ಮಿಸ್ಟರ್ ಸ್ಮಗ್, ಮತ್ತು ‘ಅದೃಷ್ಟಗೇಡಿ ಪರಿಣತ’. ಈ ಕೊನೆಯವನೇ ಪುಸ್ತಕದ ಜೀವ. ಅವನಷ್ಟು ಆಟ ಬಲ್ಲವರು ಆ ಮೇಜಿನಲ್ಲಿ ಇಲ್ಲ. ಆದರೂ ಅವನು ಸೋಲುತ್ತಲೇ ಇರುತ್ತಾನೆ, ಅದಕ್ಕೆ ಅದೃಷ್ಟವನ್ನು ಬಯ್ಯುತ್ತಾನೆ. ಸೈಮನ್ ತೋರಿಸುವ ಕಾರಣ ಬೇರೆ. ಅವನ ಕೂಗು ಪುಸ್ತಕದ ಪ್ರಕಾರ ಸರಿ, ಆದರೆ ಎದುರು ಕುಳಿತ ಗುಗನ್‌ಹೈಮ್ ಅಮ್ಮನಿಗೆ ಅದು ಅರ್ಥವಾಗುವ ಮಾತಲ್ಲ. ಎಲ್ಲಕ್ಕಿಂತ ಒಳ್ಳೆಯ ಫಲವನ್ನು ಹುಡುಕಬೇಡಿ, ಈ ದಿನ ಈ ಜೊತೆಗಾರರೊಂದಿಗೆ ಸಿಗಬಹುದಾದ ಒಳ್ಳೆಯ ಫಲವನ್ನು ಹುಡುಕಿ ಎಂಬುದು ಅವನ ಬುದ್ಧಿವಾದದ ಸಾರ.

ಹೀಗೆ ಸರಿಯಾದ ನಿರ್ಧಾರದ ಅರ್ಥವೇ ಬದಲಾಗುತ್ತದೆ. ಶೇ. 68ರ ಲೆಕ್ಕ ಬಲ್ಲವನು ಅರ್ಧ ಜಾಣ. ಕೇಳುವವರಿಗೆ ತಲುಪದ ಸರಿಮಾತು ಸರಿಯೇ ಅಲ್ಲ. ಪಾಠ ಹೇಳುವವರಿಗೂ ವಿಮರ್ಶೆ ಬರೆಯುವವರಿಗೂ ಇದು ತಾಗಬೇಕಾದ ಮಾತು.

ವಿಕ್ಟರ್ ಮೊಲ್ಲೊನ ‘ಬ್ರಿಜ್ ಇನ್ ದಿ ಮೆನಾಜರಿ’ (1965) ಇದೇ ಮಾತನ್ನು ತಲೆಕೆಳಗು ಮಾಡಿ ನಗಿಸುತ್ತದೆ. ಗ್ರಿಫಿನ್ಸ್ ಕ್ಲಬ್ಬಿನ ಹಲವು ಸದಸ್ಯರು ಪ್ರಾಣಿಪಕ್ಷಿಗಳ ಹೆಸರಿನವರು. ದೊಡ್ಡ ಬಾಯಿಯ ಮಹಾ ಆಟಗಾರ ಹಂದಿ, ತಪ್ಪು ಎಲೆ ಹಾಕಿಯೂ ಗೆದ್ದುಬಿಡುವ ಪೆದ್ದು ಮೊಲ, ಪಾಯಿಂಟಿನ ಲೆಕ್ಕವನ್ನೇ ದೇವರೆಂದು ನಂಬಿದ ವಾಲ್ರಸ್, ಜೊತೆಗೆ ಜಗತ್ತಿನಲ್ಲಿ ತನ್ನಷ್ಟು ದುರದೃಷ್ಟವಂತ ಇಲ್ಲ ಎನ್ನುವ ಕರಾಪೆಟ್. ಡ್ರಾಕ್ಸ್‌ನ 31 ಪಾಯಿಂಟು ವಾಲ್ರಸ್ ಕೈಗೆ ಬಂದು ಸೋತಿದ್ದರೆ ಅವನ ಸಂಕಟ ಹೇಗಿರುತ್ತಿತ್ತೆಂದು ಊಹಿಸಿದರೇ ನಗು ಬರುತ್ತದೆ. ಮೊಲ ಗೆದ್ದಾಗ ನಾವು ನಗುವುದು ಏಕೆ? ಗೆಲುವಿಗೂ ಬುದ್ಧಿಗೂ ಸಂಬಂಧ ಕಡಿದುಹೋದದ್ದು ಎದುರಿಗೇ ಕಾಣುವುದರಿಂದ. ಫ್ಲೆಮಿಂಗ್ ಬಚ್ಚಿಟ್ಟದ್ದನ್ನು ಮೊಲ್ಲೊ ಬಯಲಿಗಿಟ್ಟು ನಗಿಸುತ್ತಾನೆ. ಆದರೆ ಅವನ ಪುಸ್ತಕ ಆಟ ಗೊತ್ತಿಲ್ಲದವರಿಗೆ ಬಾಗಿಲು ತೆರೆಯುವುದಿಲ್ಲ. ಎಲೆಗಳ ಚಿತ್ರಪಟ ಓದಲು ಬಾರದವರಿಗೆ ಅರ್ಧ ನಗು ನಷ್ಟ.

ಆ ಬಾಗಿಲು ತೆರೆದವನು ಲೂಯಿಸ್ ಸಾಕರ್. ಅವನ ‘ದಿ ಕಾರ್ಡ್‌ಟರ್ನರ್’ (2010) ಹದಿಹರೆಯದವರಿಗೆಂದು ಬರೆದ ಕಾದಂಬರಿ. ಆಲ್ಟನ್ ಎಂಬ ಹುಡುಗ ಕಣ್ಣು ಕಳೆದುಕೊಂಡ ಶ್ರೀಮಂತ ಮುದುಕ ಟ್ರ್ಯಾಪ್‌ಗೆ ಕೈಯಲ್ಲಿರುವ ಎಲೆಗಳನ್ನು ಓದಿ ಹೇಳಬೇಕು, ಅವನು ಹೇಳಿದ ಎಲೆಯನ್ನು ಹಾಕಬೇಕು. ಆಟದ ಸೂಕ್ಷ್ಮ ಬರುವಲ್ಲಿ ಸಾಕರ್ ಒಂದು ತಿಮಿಂಗಿಲದ ಚಿತ್ರ ಹಾಕುತ್ತಾನೆ. ‘ಮೊಬಿ ಡಿಕ್’ನಲ್ಲಿ ತಿಮಿಂಗಿಲ ಬೇಟೆಯ ವಿವರ ಬಂದಾಗ ಓದುಗರು ಪುಟ ಹಾರಿಸುವುದನ್ನು ನೆನಪಿಸುವ ತಮಾಷೆ ಅದು. ಬೇಡದವರು ವಿವರಣೆ ಬಿಟ್ಟು ಕೊನೆಯ ಸಾರಾಂಶ ಓದಿ ಮುಂದೆ ಹೋಗಬಹುದು.

ಆ ಕಾದಂಬರಿಯ ಒಂದು ಸಣ್ಣ ಸಂಗತಿ ನನ್ನನ್ನು ಬಿಟ್ಟಿಲ್ಲ. ಆಲ್ಟನ್‌ಗೆ ಮೊದಲು ಆ ಕೆಲಸದಲ್ಲಿದ್ದ ಹುಡುಗಿ ಟೋನಿ. ಒಮ್ಮೆ ಮುದುಕ ಹೇಳಿದ ಎಲೆಯನ್ನು ಹಾಕುವ ಮೊದಲು ಆಕೆ ಇದೇ ಖಂಡಿತವೇ ಎಂದು ಕೇಳಿಬಿಡುತ್ತಾಳೆ. ಅಷ್ಟಕ್ಕೇ ಕೆಲಸ ಹೋಗುತ್ತದೆ. ಏಕೆಂದರೆ ಆ ಪ್ರಶ್ನೆಯೇ ಎದುರಾಳಿಗಳಿಗೆ ಸುಳಿವು: ಇವರ ಕೈಯಲ್ಲಿ ಇನ್ನೇನೋ ಇದೆ! ಆಕೆ ಕೇಳಿದ್ದು ಕಾಳಜಿಯಿಂದ. ಆದರೆ ಹದಿನೈದು ಪದಗಳ ಲೋಕದಲ್ಲಿ ಕಾಳಜಿಗೂ ಪದವಿಲ್ಲ. ಕಣ್ಣಿಲ್ಲದವನು ಎಲ್ಲ ಎಲೆಗಳನ್ನೂ ನೆನಪಿನಲ್ಲಿ ಹಿಡಿದು ನಿರ್ಧರಿಸುತ್ತಾನೆ, ಕಣ್ಣಿರುವವಳು ಬಾಯಿ ಮುಚ್ಚಿ ನಂಬಬೇಕು. ನಂಬಿಕೆ ಎಂಬುದನ್ನು ಬ್ರಿಜ್ ಇಷ್ಟು ಸರಳವಾಗಿ ಇನ್ನೆಲ್ಲೂ ಹೇಳಿದ್ದನ್ನು ನಾನು ಓದಿಲ್ಲ.

*

ಬ್ರಿಜ್ ಲೋಕ ಅದೃಷ್ಟವನ್ನೂ ನಿರ್ಧಾರವನ್ನೂ ಬೇರ್ಪಡಿಸಲು ಒಂದು ಉಪಾಯ ಕಂಡುಕೊಂಡಿದೆ. ಅದರ ಹೆಸರು ಡೂಪ್ಲಿಕೇಟ್. ಸ್ಪರ್ಧೆಗಳಲ್ಲಿ ಒಂದು ಮೇಜಿನ ಎಲೆಗಳನ್ನು ಹಾಗೇ ಇನ್ನೊಂದು ಮೇಜಿಗೆ ಸಾಗಿಸುತ್ತಾರೆ. ಅವೇ ಎಲೆಗಳಲ್ಲಿ ಇತರರು ಏನು ಮಾಡಿದರು ಎಂಬುದರ ಮೇಲೆ ಅಂಕ. ಕೆಟ್ಟ ಎಲೆ ಬಂತೆಂದು ಅಳುವಂತಿಲ್ಲ, ಎಲ್ಲರಿಗೂ ಬಂದದ್ದು ಅವೇ.

ಸಾಹಿತ್ಯ ವಿಮರ್ಶೆಯೂ ಕೈಲಾದಾಗ ಮಾಡುವುದು ಇದನ್ನೇ. ಪಂಪನಿಗೂ ಕುಮಾರವ್ಯಾಸನಿಗೂ ಬಂದದ್ದು ಒಂದೇ ಭಾರತ. ಒಬ್ಬ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಲು ಹೊರಟ, ಇನ್ನೊಬ್ಬ ಕೃಷ್ಣನ ಕತೆ ಹೇಳಲು ಹೊರಟ. ಕೂಗು ಬೇರೆಯಾದ್ದರಿಂದ ಆಟವೂ ಬೇರೆಯಾಯಿತು. ಯಾರು ಗೆದ್ದರು ಎಂದು ಕೇಳುವ ವಿದ್ಯಾರ್ಥಿಗೆ ಸಿಗುವುದು ಒಂದು ಹೆಸರು. ಅವರವರ ಕೂಗಿಗೆ ಅವರು ಎಷ್ಟು ನಿಷ್ಠರಾಗಿದ್ದರು ಎಂದು ಕೇಳುವವರಿಗೆ ಎರಡು ಕಾವ್ಯಗಳು ಸಿಗುತ್ತವೆ. ಪ್ರಶಸ್ತಿ, ಮರುಮುದ್ರಣ, ಮಾರಾಟ ಇವೆಲ್ಲ ಫಲಗಳು. ಅವುಗಳಿಂದ ಪುಸ್ತಕದ ಬೆಲೆ ಕಟ್ಟುವುದು ಪಕ್ಕದ ಮೇಜಿನ ಮೀಸೆ ನೋಡಿ ಆಟ ಕಲಿತಂತೆ.

ಮತ್ತೆ ಕನ್ಸಾಸ್ ಸಿಟಿಯ ಮೇಜಿಗೆ ಬರೋಣ. ಅಚ್ಚಾದ ಎಲೆಗಳನ್ನೇ ನಂಬುವುದಾದರೆ, ಜಾನ್ ಕೂಗಿದ ‘ಒಂದು ಇಸ್ಪೀಟು’ ಅವನ ಕೈಯಲ್ಲಿದ್ದುದಕ್ಕಿಂತ ದೊಡ್ಡ ಮಾತಾಗಿತ್ತು. ಮರ್ಟಲ್‌ಗೆ ಅವನ ಎಲೆ ಕಾಣುತ್ತಿರಲಿಲ್ಲ. ಅವಳಿಗೆ ಇದ್ದದ್ದು ಗಂಡನ ಮಾತೊಂದೇ. ಅದನ್ನು ನಂಬಿ ಅವಳು ನಾಲ್ಕಕ್ಕೆ ಏರಿಸಿದಳು. ಆಟ ಸೋತಿತು. ಗೆಲ್ಲಬಹುದಿತ್ತೇ ಎಂದು ಪಂಡಿತರು ವಾದಿಸಿದರು. ನೀನು ಹೇಳಿದ್ದೇನು, ನಾನು ಕೇಳಿಸಿಕೊಂಡದ್ದೇನು ಎಂದು ಆ ರಾತ್ರಿ ಮೇಜಿನಲ್ಲಿ ಒಬ್ಬರಾದರೂ ಕೇಳಿದ್ದರೆ, ಅದು ಜಗಳವಾಗದೆ ಸಂಭಾಷಣೆಯಾಗುತ್ತಿತ್ತೋ ಏನೋ.

ಈ ಪುಸ್ತಕಗಳಲ್ಲಿ ಮೊದಲು ಯಾವುದನ್ನು ಓದಬೇಕು ಎಂದು ಕೇಳಿದರೆ, ಆಟ ಗೊತ್ತಿಲ್ಲದವರು ಸಾಕರ್‌ನಿಂದ ಶುರುಮಾಡಿ, ಗೊತ್ತಿರುವವರು ಸೈಮನ್‌ನಿಂದ. ಫ್ಲೆಮಿಂಗ್‌ನನ್ನೂ ಓದಿ. ಓದುವಾಗ ಡ್ರಾಕ್ಸ್ ಡಬಲ್ ಎಂದು ಕೂಗಿದ ಸಾಲಿನಲ್ಲಿ ಪುಸ್ತಕ ಮುಚ್ಚಿ, ಆ ಎಲೆಗಳು ನಿಮ್ಮ ಕೈಯಲ್ಲಿದ್ದಿದ್ದರೆ ನೀವೇನು ಕೂಗುತ್ತಿದ್ದಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ ಪುಟ ತಿರುವಿ.